ಸುಮ್ಮನೆ ಕೂರುವ ಬಾಬ್ತು

ಇವತ್ತು ಹೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹಂಸ ತಾಹೇರಾಳ ಅಂಗಡಿಯ ಮೆಟ್ಟಿಲು ಹತ್ತಿದ್ದಳು. ಫಾಲ್ಸ್ ಹೊಲಿದ ಸೀರೆಗಳ ಗಂಟನ್ನು ಸ್ಟೂಲಿನ ಮೇಲಿಟ್ಟು ಫ್ಯಾನಿನ ಕೆಳಗೆ ಕೂತದ್ದೇ ತಡ, ಗಟ್ಟಿ ಮಾಡಿಕೊಂಡದ್ದೆಲ್ಲ ಕರಗಿಹೋಯಿತು. ತಾಹೇರಾ ಕಟಿಂಗ್ ಮೇಜಿನ ಮೇಲೆ ಕಂದು ಕಾಗದ ಹಾಸಿಕೊಂಡು ಕೊಚ್ಚಿಯ ಎರಡು ದಿನಗಳನ್ನು ಅಳೆಯುತ್ತಿದ್ದಳು. ಜೋಗುಪಾಳ್ಯದ ಆ ಅಂಗಡಿ ಎಂದರೆ ಎಷ್ಟಿದ್ದೀತು, ಎರಡು ಮಿಷನ್ನು, ಒಂದು ಮೇಜು, ಗೋಡೆಗೆ ನೇತುಹಾಕಿದ ಬ್ಲೌಸುಗಳು. ಬಾಗಿಲಾಚೆ ಸ್ಕೂಟರುಗಳು ಚರಂಡಿಯ ಚಪ್ಪಡಿಯನ್ನೂ ಬಿಡದೆ ಹತ್ತಿಕೊಂಡು ಹೋಗುತ್ತವೆ. ಅಂಥ ಇಕ್ಕಟ್ಟಿನಲ್ಲಿ ನಿಂತು ಈ ಹೆಂಗಸು ಸಮುದ್ರದ ಊರಿಗೆ ಲೆಕ್ಕ ಹಾಕುವುದನ್ನು ನೋಡುವುದೇ ಒಂದು ಚಂದ. ರವಿಕೆಗೆ ಯಾವ ಕ್ರಮವೋ ದುಡ್ಡಿಗೂ ಅವಳದು ಅದೇ ಕ್ರಮ: ಮೊದಲು ಬೆನ್ನು, ಆಮೇಲೆ ಎದೆ, ಮಿಕ್ಕಿದ್ದರಲ್ಲಿ ತೋಳು, ಚೂರುಪಾರಿನಲ್ಲಿ ಪಟ್ಟಿ. ರೈಲು ಬೆನ್ನು. ರೂಮು ಎದೆ. ಊಟ ತಿಂಡಿ, ದೋಣಿ, ಮಟ್ಟಾಂಚೇರಿ ಅರಮನೆಯ ಟಿಕೆಟ್ಟು ಎಲ್ಲ ತೋಳಿನ ಕೆಳಗೆ ಬರುತ್ತವೆ. ಆದರೆ ಇವೆಲ್ಲಕ್ಕಿಂತ ಮುಂಚೆ, ಬೆನ್ನಿಗೂ ಮುಂಚೆ, ಕಾಗದದ ನಟ್ಟನಡುವೆ ಒಂದು ದೊಡ್ಡ ಚೌಕವನ್ನು ಅವಳು ಎತ್ತಿಟ್ಟುಬಿಟ್ಟಿದ್ದಳು. ಅದರ ಮೇಲೆ ಏನೂ ಬರೆದಿರಲಿಲ್ಲ.

"ಇದೇನಿದು?" ಎಂದು ಹಂಸ ಕೇಳಿದಳು.

"ಕೂರೋಕೆ."

"ಕೂರೋಕೂ ದುಡ್ಡಾ?"

"ಮತ್ತೆ? ಸುಮ್ನೆ ಕೂತ್ರೆ ಎಬ್ಬಿಸ್ತಾರೆ ಹಂಸ. ಮುಂದೆ ಒಂದು ಟೀ ಇದ್ರೆ ಯಾರೂ ಎಬ್ಬಿಸಲ್ಲ. ಆರಿಹೋಯ್ತು ಅಂದ್ರೆ ಇನ್ನೊಂದು. ಅಲ್ಲಿ ದಡದಲ್ಲಿ ಚೀನಾ ಬಲೆ ಇದಾವಂತೆ, ನಾಲ್ಕೈದು ಜನ ಹಗ್ಗ ಎಳೆದ್ರೆ ಮನೆಯಷ್ಟು ದೊಡ್ಡ ಬಲೆ ಎದ್ದು ಬರುತ್ತಂತೆ. ಅದು ಏಳೋದು, ಬೀಳೋದು. ನಾವು ನೋಡ್ತಾ ಕೂರೋದು. ಇದನ್ನ ಮೊದ್ಲೇ ಎತ್ತಿಡದೆ ಹೋದ್ರೆ ಬೇರೆ ಖರ್ಚು ತಿಂದ್ಹಾಕ್ಬಿಡುತ್ತೆ."

ಇಷ್ಟು ವರ್ಷ ಮನೆ ನಡೆಸಿದ ಹಂಸಳಿಗೆ ಇಂಥದ್ದೊಂದು ಬಾಬ್ತು ಇರಬಹುದು ಎಂದು ಹೊಳೆದೇ ಇರಲಿಲ್ಲ. ಹಾಲು, ಗ್ಯಾಸು, ಸ್ಕೂಲ್ ಫೀಸು, ಹಬ್ಬದ ಮುಯ್ಯಿ, ನೀರಿನ ಟ್ಯಾಂಕರು, ಇವಕ್ಕೆಲ್ಲ ಅವಳ ತಲೆಯಲ್ಲಿ ಒಂದೊಂದು ಗೂಡಿದೆ. ಸುಮ್ಮನೆ ಕೂರುವುದಕ್ಕೆ ಗೂಡು ಎಲ್ಲಿದೆ? ಎಸಿ ರೂಮು ಬೇಡ ಎಂದು ಉಳಿಸಿದ್ದನ್ನು ತಾಹೇರಾ ಆ ಚೌಕಕ್ಕೆ ಸೇರಿಸಿದ್ದಳು. ಅಲ್ಲಿ ರೂಮು ಬಾಡಿಗೆಗೆ ಕೊಡುವ ಮುದುಕಿಯ ಜೊತೆ ಫೋನಿನಲ್ಲಿ ತಮಿಳು, ಉರ್ದು, ಇಂಗ್ಲಿಷು ಮೂರನ್ನೂ ಕಲಸಿ ಮಾತಾಡಿ, "ಎಸಿ ನಕ್ಕೋ, ಕಿಟಕಿ ಬೇಕು" ಎಂದು ಗಿಟ್ಟಿಸಿಕೊಂಡದ್ದನ್ನು ಹಂಸ ಎದುರಿಗೇ ಕೂತು ಕೇಳಿದ್ದಳು. ಕೋಟೆಯ ಊರು ಅನ್ನುತ್ತಾರೆ, ಕೋಟೆ ಮಾತ್ರ ಉಳಿದಿಲ್ಲವಂತೆ, ಪೋರ್ಚುಗೀಸರು ಬಂದು ಹೋದರು, ಡಚ್ಚರು ಬಂದು ಹೋದರು, ಇಂಗ್ಲಿಷರೂ ಬಂದು ಹೋದರು, ನಾವೂ ಒಂದು ಸಲ ಹೋಗಿ ಬರೋಣ ಎಂದು ತಾಹೇರಾ ನಕ್ಕಾಗ ಹಂಸಳಿಗೆ ಆ ಊರು ಹಲಸೂರಿನ ಮಾರ್ಕೆಟ್ಟಿನ ಆಚೆ ಬೀದಿಯಲ್ಲೇ ಇದೆ ಅನ್ನಿಸಿತ್ತು. ಎಂಥ ಹೆಂಗಸಪ್ಪ ಇವಳು. ಗಂಡ ತೀರಿಕೊಂಡು ಎಷ್ಟು ವರ್ಷವಾಯಿತೋ, ಮೈದುನ ಮಂಜೂರನ ಮನೆಯ ಕೆಳಗೆ ಈ ಅಂಗಡಿ ಇಟ್ಟುಕೊಂಡು ತನ್ನ ಅನ್ನ ತಾನು ದುಡಿಯುತ್ತಾಳೆ. ಮಂಜೂರನಿಗೆ ಇವಳು ಹೇಳಿದ್ದು ಒಂದೇ ಮಾತಂತೆ: ಎರಡು ದಿನ ಇರಲ್ಲ, ಕೊಚ್ಚಿಗೆ ಹೋಗ್ತಿದೀನಿ, ಹಂಸ ಜೊತೆ, ಸುಮ್ನೆ. ಅವನು ಮುಖ ಊದಿಸಿಕೊಂಡು ಓಡಾಡಿದ. ಇವಳು ಊದಿಸಿಕೊಳ್ಳಲಿ ಎಂದು ಬಿಟ್ಟಳು. ಆಮೇಲೆ ಒಂದು ದಿನ ಅವನೇ ಬಂದು, ರೈಲಿನಲ್ಲಿ ಹೊಟ್ಟೆ ತೊಳಸಿದರೆ ಇರಲಿ ಎಂದು ಶುಂಠಿ ಮಿಠಾಯಿಯ ಪೊಟ್ಟಣ ಕೊಟ್ಟು ಹೋದನಂತೆ. ಹಂಸ ಜೊತೆ ಎಂದು ತಾಹೇರಾ ಹೇಳಿದ್ದಳಲ್ಲ, ಆ ಎರಡು ಪದ ಹಂಸಳನ್ನು ಬಿಡದೆ ಕಾಡುತ್ತಿದ್ದವು. ಯಾಕೆಂದರೆ ಅವಳು ಮನೆಯಲ್ಲಿ ತಾಹೇರಾಳ ಹೆಸರನ್ನೇ ಎತ್ತಿರಲಿಲ್ಲ.

ಹೋದ ಭಾನುವಾರದ ಊಟ. ಗಂಡ ಶ್ರೀನಿವಾಸ್ ಮುದ್ದೆ ಮುರಿಯುತ್ತಿದ್ದ. ಅತ್ತೆ ಮುನಿಶಾಮಮ್ಮ ಗೋಡೆಗೆ ಒರಗಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ಸಾರು ಬಡಿಸುತ್ತ ಬಡಿಸುತ್ತಲೇ, ಏನೋ ಸಾಮಾನ್ಯದ ಮಾತಿನ ಹಾಗೆ, ಎರಡು ದಿನ ಕೊಚ್ಚಿಗೆ ಹೋಗಿ ಬರ್ತೀನಿ ಎಂದಳು. ದುಡ್ಡು ಅವಳದೇ, ಫಾಲ್ಸಿನದು, ಆ ಬಗ್ಗೆ ಯಾರೂ ಚಕಾರ ಎತ್ತುವ ಹಾಗಿಲ್ಲ. "ಅಲ್ಲೇನಿದೆ?" ಎಂದ ಶ್ರೀನಿವಾಸ್. "ಸಮುದ್ರ" ಎಂದಳು. ಅತ್ತೆಯ ಕುಟ್ಟಾಣಿ ನಿಂತಿತು. "ಸಮುದ್ರಕ್ಕಾ? ಯಾರದಮ್ಮ ಕಾರ್ಯ?" ಎಂದರು. ಆ ಮನೆಯಲ್ಲಿ ಸಮುದ್ರ ಎಂದರೆ ಅಸ್ಥಿ ಬಿಡುವ ಜಾಗ. ಮಾವ ಮುನಿಆಂಜನಪ್ಪನವರನ್ನು ಮಡಕೆಯಲ್ಲಿ ಹಿಡಿದುಕೊಂಡು ರಾಮೇಶ್ವರಕ್ಕೆ ಹೋದದ್ದೇ ಕೊನೆ, ಆಮೇಲೆ ಗಂಡಸರಾರೂ ಆ ಕಡೆ ತಲೆ ಹಾಕಿಲ್ಲ. ಸೊಪ್ಪು ಬೆಳೆದು ಮಾರ್ಕೆಟ್ಟಿಗೆ ಹೊತ್ತ ಜನ, ಈಗ ಅದೇ ಮಡಿಗಳ ಮೇಲೆ ಬಾಡಿಗೆ ಮನೆಗಳನ್ನು ಎಬ್ಬಿಸಿದ್ದಾರೆ. ಆದರೆ ಊರು ಬಿಟ್ಟು ಹೋಗುವುದಕ್ಕೆ ಒಂದು ದೇವರೋ ಒಂದು ಸಾವೋ ಬೇಕು ಎಂಬುದು ಇನ್ನೂ ಹಾಗೇ ಇದೆ. ಗಂಡ ತಟ್ಟೆಯಿಂದ ಮುಖ ಎತ್ತಿ ನೋಡಿದ. ಸಿಟ್ಟೇನಿರಲಿಲ್ಲ ಆ ಮುಖದಲ್ಲಿ, ಬರೀ ಅರ್ಥವಾಗದಿರುವಿಕೆ. ಅದನ್ನು ಎದುರಿಸುವುದು ಸಿಟ್ಟಿಗಿಂತ ಕಷ್ಟ. "ಹರಕೆ ಇದೆ" ಎಂದುಬಿಟ್ಟಳು ಹಂಸ. "ಅಲ್ಲೇ ಹತ್ರ ಚೋಟ್ಟಾನಿಕ್ಕರ ಅಮ್ಮನವರಿದಾರಲ್ಲ, ಅವರಿಗೆ." ಶ್ರೀನಿವಾಸ್ ಎಂಜಲ ಕೈಯಲ್ಲೇ ಎದೆ ಮುಟ್ಟಿಕೊಂಡ. "ಹರಕೆ ಅಂದ್ಮೇಲೆ ಬೇಡ ಅನ್ನಬಾರ್ದು. ಯಾರ ಜೊತೆ?" ಆಗ ಬಂತಲ್ಲ ಎರಡನೆಯ ಮಾತು, ಮೊದಲನೆಯದರ ಬಾಲ ಹಿಡಿದುಕೊಂಡು: "ಲೇಡೀಸ್ ಗ್ರೂಪು."

ತಾಹೇರಾ ಎಂದಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ಶ್ರೀನಿವಾಸ್ ತಾಹೇರಾಳನ್ನು ಕಂಡರೆ ರೀ, ನೀವು ಎಂದೇ ಮಾತಾಡಿಸುತ್ತಾನೆ. ಅತ್ತೆಯ ರವಿಕೆ ಅವಳ ಕೈಯಲ್ಲಲ್ಲದೆ ಬೇರೆಯವರ ಕೈಯಲ್ಲಿ ಕೂರುವುದಿಲ್ಲ. ಚುಚ್ಚುವುದು ಅದೇ. ಯಾರೂ ಬಾಗಿಲು ಹಾಕುವ ಮುಂಚೆ ಹಂಸ ತಾನಾಗಿ ಬಾಗಿಲು ಹಾಕಿ, ಆಚೆ ತನ್ನ ಸ್ನೇಹಿತೆಯನ್ನೇ ನಿಲ್ಲಿಸಿದ್ದಳು. ಅಮ್ಮನವರ ಹರಕೆಗೆ ಸಾಬರ ಹೆಂಗಸಿನ ಜೊತೆ ಹೋಗುವುದು ಹೇಗೆ ಎಂದು ಕೇಳಿಯಾರು ಎಂದು ಒಂದು ಸುಳ್ಳನ್ನು ಕಾಪಾಡಲು ಇನ್ನೊಂದನ್ನು ಕಾವಲಿಗೆ ಇಟ್ಟಿದ್ದಳು. ಇದನ್ನು ತಾಹೇರಾಳಿಗೆ ಹೇಳಿಬಿಡಬೇಕು. ಹೇಳಿದರೆ ಅವಳು ಬರುವುದಿಲ್ಲ ಎಂದರೆ? ಹೇಳದೆ ಅವಳ ಪಕ್ಕ ಕೂತು ಆ ಬಲೆ ಏಳುವುದು ಬೀಳುವುದನ್ನು ನೋಡಲಾದೀತೆ? "ಕ್ಯಾ ಹಂಸ, ಎಲ್ಲಿದೀಯಾ?" ಎಂದು ತಾಹೇರಾ ಪೆನ್ಸಿಲಿನಿಂದ ಅವಳ ಮೊಣಕೈ ತಟ್ಟಿದಳು. "ಇಲ್ಲೇ" ಎಂದಳು ಹಂಸ. ಗಂಟು ಬಿಚ್ಚಿ ಸೀರೆಗಳನ್ನು ಎಣಿಸಿಕೊಟ್ಟು, ಹೇಳಬೇಕಾದ್ದನ್ನು ಹೇಳದೆ, ಮೆಟ್ಟಿಲಿಳಿದು ಬಂದಳು.

ಮನೆಗೆ ಬಂದರೆ ಮುಡಿಪುಗಳು. ಅರಿಶಿನದಲ್ಲಿ ಅದ್ದಿದ ಬಟ್ಟೆಯ ಚೂರು, ಅದರೊಳಗೆ ಒಂದು ನಾಣ್ಯ, ಬಾಯಿಬಿಟ್ಟು ಹೇಳದ ಒಂದು ಬೇಡಿಕೆ, ಮೇಲೆ ಗಂಟು. ಯಾರಾದರೂ ದೇವರಿಗೆ ಹೊರಟರೆ ಬೀದಿಯ ಹೆಂಗಸರು ತಮ್ಮದೊಂದು ಮುಡಿಪನ್ನು ಅವರ ಕೈಲಿಟ್ಟು ಕಳಿಸುವುದು ಅಲ್ಲಿಯ ರೂಢಿ. ಮೊದಲನೆಯದನ್ನು ಅತ್ತೆಯೇ ಕೊಟ್ಟಿದ್ದರು. ಆಮೇಲೆ ಮಹಡಿಯ ಮೇಲಿನ ವಾರಗಿತ್ತಿ ಶ್ವೇತ, ಎದುರು ಮನೆಯ ಪಿಳ್ಳಪ್ಪನ ಹೆಂಡತಿ, ಅವಳ ತಂಗಿ. ಒಂದೊಂದು ಗಂಟು ಕೈಗೆ ಬಿದ್ದಾಗಲೂ ಹಂಸ ಅದನ್ನು ಬೇಗ ದೇವರ ಗೂಡಿಗೆ ಸೇರಿಸಿಬಿಡುತ್ತಿದ್ದಳು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಇವರು ಏನೇನು ಬೇಡಿಕೊಂಡಿದ್ದಾರೋ. ಪಿಳ್ಳಪ್ಪನ ಹೆಂಡತಿಗೆ ಮಂಡಿ ನೋವು. ಶ್ವೇತಳಿಗೆ ಇನ್ನೂ ಮಕ್ಕಳಾಗಿಲ್ಲ. ಪಾಪ, ಇದನ್ನೆಲ್ಲ ನಂಬಿ ತನ್ನ ಕೈಲಿಟ್ಟಿದ್ದಾರೆ. ತಾನು ಹೋಗುವುದು ಟೀ ಕುಡಿಯುತ್ತ ಕೂರುವುದಕ್ಕೆ. ದೇವರ ಗೂಡಿನಲ್ಲಿ ಹಳದಿ ಗಂಟುಗಳು ಸಾಲಾಗಿ ಕೂತಿದ್ದವು. ದೀಪ ಹಚ್ಚುವಾಗ ಅವಳು ಆ ಕಡೆ ನೋಡುತ್ತಿರಲಿಲ್ಲ.

ಎರಡು ದಿನ ಬಿಟ್ಟು ತಾಹೇರಾಳೇ ಮನೆಗೆ ಬಂದಳು. ರೂಮಿನ ಮುದುಕಿ ಇಬ್ಬರ ಆಧಾರ್ ಕಾರ್ಡೂ ಕಳಿಸಿ ಎಂದಿದ್ದಳಂತೆ. ಹಂಸ ಫೋನ್ ತೆಗೆಯಲಿಲ್ಲ, ಇತ್ತ ಕಡೆ ಗುಂಡಿ ತರಲು ಬಂದವಳು ಹಾಗೇ ಒಳಗೆ ಬಂದಿದ್ದಳು. ಹಂಸ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಅತ್ತೆಯ ದನಿ ಕೇಳಿ ಒಳಗೆ ಬರುವ ಹೊತ್ತಿಗೆ ಆಗಬಾರದ್ದು ಆಗಿತ್ತು. ಪಿಳ್ಳಪ್ಪನ ಹೆಂಡತಿಯೂ ಅಲ್ಲೇ ಕೂತಿದ್ದಳು. "ನನ್ನ ರವಿಕೆ ಇರ್ಲಿ, ಮೊದ್ಲು ಇವಳದು ಹೊಲ್ಕೊಡಮ್ಮ ತಾಹೇರಾ" ಎನ್ನುತ್ತಿದ್ದರು ಮುನಿಶಾಮಮ್ಮ. "ಅಮ್ಮನವರ ಹರಕೆಗೆ ಹೋಗ್ತಾ ಇದಾಳೆ, ಕೊಚ್ಚಿ ಹತ್ರ. ಲೇಡೀಸ್ ಗ್ರೂಪಂತೆ. ನಾವೆಲ್ಲ ಮುಡಿಪು ಕೊಟ್ಟಿದೀವಿ. ಹೊಸಾ ರವಿಕೆ ಬೇಕಾಗುತ್ತೆ." ತಾಹೇರಾ ಹಂಸಳನ್ನು ನೋಡಿದಳು. ಒಂದು ಗಳಿಗೆ, ಅಷ್ಟೇ. ಹಂಸಳಿಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಬೈದರೆ ಬೈಯಲಿ, ಎದ್ದು ಹೋದರೆ ಹೋಗಲಿ, ಇಲ್ಲೇ ಎಲ್ಲರ ಎದುರಿಗೆ, ಯಾವ ಗ್ರೂಪೇ ಎಂದು ಕೇಳಿಬಿಡಲಿ. ತಾಹೇರಾ ದುಪಟ್ಟಾ ತಲೆಯ ಮೇಲೆ ಸರಿಮಾಡಿಕೊಂಡಳು. "ಹೌದಾ ಅಮ್ಮ? ಒಳ್ಳೇದಾಯ್ತು. ಹೊಲ್ಕೊಡ್ತೀನಿ" ಎಂದಳು. "ಹಂಸ, ನಿನ್ನ ಅಳತೆ ಒಂಚೂರು ಬದ್ಲಾಗಿರ್ಬೇಕು. ನಾಳೆ ಅಂಗಡೀಗೆ ಬಾ." ಅತ್ತೆ ಕೊಟ್ಟ ಮಜ್ಜಿಗೆಯನ್ನು ಅರ್ಧಕ್ಕೆ ಬಿಡದೆ ಪೂರ್ತಿ ಕುಡಿದು, ಲೋಟ ತಾನೇ ಒಳಗಿಟ್ಟು, ಎಲ್ಲರಿಗೂ ಬರ್ತೀನಿ ಎಂದು ಹೇಳಿ ಹೋದಳು. ಆಧಾರ್ ಕಾರ್ಡಿನ ಮಾತೇ ಎತ್ತಲಿಲ್ಲ.

ಆ ಲೋಟ. ಹಂಸಳಿಗೆ ದಿನವಿಡೀ ಕಣ್ಣ ಮುಂದೆ ಇದ್ದದ್ದು ಆ ಲೋಟ. ಅಷ್ಟು ದೊಡ್ಡ ಅವಮಾನವನ್ನು ನುಂಗಿದವಳು ಮಜ್ಜಿಗೆಯನ್ನೂ ಬಿಡದೆ ಹೇಗೆ ಕುಡಿದಳು? ತಾನಾಗಿದ್ದರೆ ಲೋಟವನ್ನು ಅಲ್ಲೇ ಇಟ್ಟು ಎದ್ದುಬಿಡುತ್ತಿದ್ದಳು. ಹಂಸ ಚಿಕ್ಕವಳಿದ್ದಾಗ, ದೊಮ್ಮಲೂರಿನಲ್ಲಿ ಯಾರೋ ನೆಂಟರ ಮನೆಯಲ್ಲಿ ತನ್ನನ್ನು ಪಂಕ್ತಿಯಿಂದ ಎಬ್ಬಿಸಿದರೆಂದು ಅವಳ ಅವ್ವ ಸಾಯುವ ತನಕ ಆ ಬೀದಿಗೇ ಕಾಲಿಡಲಿಲ್ಲ. ಮುನಿಸು ಎಂದರೆ ಹಾಗಿರಬೇಕು ಎಂದೇ ಹಂಸ ತಿಳಿದಿದ್ದಳು. ಇವಳು ಯಾವ ಮಣ್ಣಿನವಳು. ರಾತ್ರಿ ಅನ್ನ ಸೇರಲಿಲ್ಲ, ಹರಕೆಯವರು ಒಪ್ಪೊತ್ತು ಇರುವುದು ಒಳ್ಳೆಯದೇ ಎಂದು ಗಂಡ ಮೆಚ್ಚಿಕೊಂಡ.

ಮಾರನೆಯ ದಿನ ಅಂಗಡಿಗೆ ಹೋದಾಗ ತಾಹೇರಾ ಮಿಷನ್ನು ತುಳಿಯುತ್ತಿದ್ದಳು. ನಿಲ್ಲಿಸಲಿಲ್ಲ. ಒಂದು ತೋಳು ಮುಗಿಸಿ, ದಾರ ಕಚ್ಚಿ, ಆಮೇಲೆ ಕಂದು ಕಾಗದ ತೆಗೆದು ಮೇಜಿನ ಮೇಲೆ ಹಾಸಿದಳು. ಲೆಕ್ಕವನ್ನೆಲ್ಲ ತಿದ್ದಿದ್ದಳು. ಎರಡನೆಯ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ದೇವಸ್ಥಾನ. ಹೋಗಿಬರುವ ಬಸ್ಸು, ಆಟೋ, ಪೂಜೆ ಸಾಮಾನು. ಅಷ್ಟಕ್ಕೂ ಆಗುವಷ್ಟನ್ನು ಆ ನಡುವಿನ ಚೌಕದಿಂದ ಕತ್ತರಿಸಿ ತೆಗೆದಿದ್ದಳು. ದೊಡ್ಡ ಚೌಕ ಈಗ ಒಂದು ಪಟ್ಟಿಯಷ್ಟು ಉಳಿದಿತ್ತು.

"ಬಟ್ಟೆ ಕಮ್ಮಿ ಬಿದ್ರೆ ಎಲ್ಲಾದ್ರೂ ತೆಗೀಲೇಬೇಕಲ್ಲ" ಎಂದಳು ತಾಹೇರಾ. "ನೀನು ಒಳಗೆ ಹೋಗಿ ಬರೋ ತನಕ ನಾನು ಆಚೆ ಅಂಗಡಿ ಬೀದೀಲಿ ಇರ್ತೀನಿ. ಅಷ್ಟು ಜನ ನಂಬಿ ಕೊಟ್ಟಿದಾರೆ, ತಲುಪಿಸ್ದೆ ಇದ್ರೆ ಪಾಪ."

"ತಾಹೇರಾ, ನಾನು..."

"ಇನ್ನೊಂದು. ಗ್ರೂಪಲ್ಲಿ ಎಷ್ಟ್ ಜನ ಅಂತ ಹೇಳಿದೀಯಾ? ನನ್ನನ್ನ ಯಾರಾದ್ರೂ ಕೇಳಿದ್ರೆ ಇಬ್ರೂ ಒಂದೇ ಹೇಳ್ಬೇಕಲ್ಲ."

ಇದನ್ನು ಅವಳು ಕೊಂಕಿನಿಂದ ಹೇಳಿದ್ದರೆ ಹಂಸ ಉಳಿದುಕೊಳ್ಳುತ್ತಿದ್ದಳು. ಕೊಂಕಿರಲಿಲ್ಲ. ಕಂಕುಳ ಅಳತೆ ಕೇಳುವ ದನಿಯಲ್ಲೇ ಕೇಳಿದ್ದಳು. "ನಿನ್ನ ಹೆಸರು ಹೇಳಿರ್ಲಿಲ್ಲ" ಎಂದಳು ಹಂಸ, ಅದು ಇವಳಿಗೆ ಗೊತ್ತಿಲ್ಲವೇನೋ ಎಂಬಂತೆ. "ಗೊತ್ತಾಯ್ತು" ಎಂದಳು ತಾಹೇರಾ. "ಬೇಜಾರಾಯ್ತು. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಬೇಜಾರು ಅಂತ ಕೊಚ್ಚಿ ಬಿಟ್ರೆ ಬೇಜಾರೂ ಉಳೀತು, ಕೊಚ್ಚಿನೂ ಹೋಯ್ತು." ಅಷ್ಟು ಹೇಳಿ, ತೋಳನ್ನು ರವಿಕೆಗೆ ಜೋಡಿಸಲು ಮತ್ತೆ ಮಿಷನ್ನಿಗೆ ಕೂತಳು. ಹಂಸ ನಿಂತೇ ಇದ್ದಳು. ಆ ಪಟ್ಟಿಯಷ್ಟು ಉಳಿದ ಜಾಗವನ್ನು ನೋಡುತ್ತಿದ್ದಳು. ತನ್ನ ಸುಳ್ಳಿನ ಖರ್ಚನ್ನು ಇವಳು ತನ್ನ ಕೂರುವ ಬಾಬ್ತಿನಿಂದ ತೆಗೆದು ಕಟ್ಟುತ್ತಿದ್ದಾಳೆ. ಎಷ್ಟು ದಿನದಿಂದ ಆ ಕೂರುವುದನ್ನು ಎದೆಯಲ್ಲಿಟ್ಟುಕೊಂಡಿದ್ದಳೋ. ಕಾಲು ತುಳಿಯುವುದು ನಿಲ್ಲಲಿಲ್ಲ, ಸೂಜಿ ಓಡುತ್ತಲೇ ಇತ್ತು.

ಹಂಸ ಅಂಗಡಿಯಿಂದ ಇಳಿದು ಹಲಸೂರಿನ ಮಾರ್ಕೆಟ್ಟಿನ ಕಡೆ ಸುಮ್ಮನೆ ನಡೆದುಕೊಂಡು ಹೋದಳು. ಬಜಾರ್ ಬೀದಿಯಲ್ಲಿ ಹೂವಿನವರು, ಬಾಳೆ ಎಲೆಯವರು, ಸೋಮೇಶ್ವರನ ಗೋಪುರದ ಕೆಳಗೆ ಮೆಟ್ರೋಗೆ ಓಡುವ ಹುಡುಗಿಯರು, ಅವರ ಕತ್ತಿಗೆ ನೇತುಬಿದ್ದ ಆಫೀಸಿನ ಕಾರ್ಡುಗಳು. ಈ ಹುಡುಗಿಯರು ಶುಕ್ರವಾರ ಸಂಜೆ ಬೆನ್ನಿಗೊಂದು ಚೀಲ ಹಾಕಿಕೊಂಡು ಎಲ್ಲಿಗೋ ಹೊರಟುಬಿಡುತ್ತಾರೆ, ಸೋಮವಾರ ಬರುತ್ತಾರೆ, ಯಾವ ಅಮ್ಮನವರಿಗೂ ಹೇಳುವುದಿಲ್ಲ. ಹಂಸಳಿಗೆ ಅವರ ಮೇಲೆ ಹೊಟ್ಟೆಕಿಚ್ಚೇನೂ ಆಗಲಿಲ್ಲ. ತಾಹೇರಾ ಹೇಳಿದಳಲ್ಲ ಬೇಜಾರಾಯ್ತು ಅಂತ, ಅಷ್ಟು ಚೊಕ್ಕಟವಾಗಿ ಒಂದು ಮಾತನ್ನು ತಾನು ಹುಟ್ಟಿದಾಗಿನಿಂದ ಆಡಿದ್ದೇನೆಯೇ ಎಂದು ಹುಡುಕುತ್ತಿದ್ದಳು. ಸಿಗಲಿಲ್ಲ. ಹೊಟ್ಟೆನೋವು ಎಂದು ಹೇಳಿ ತವರಿಗೆ ಹೋಗಿದ್ದಳು, ಶಾಲೆಯ ಮೀಟಿಂಗು ಎಂದು ಹೇಳಿ ಸೀರೆ ಅಂಗಡಿಗೆ ಹೋಗಿದ್ದಳು. ಹೂವಿನವಳು ಮೊಳ ಹಾಕಿ ಕೊಟ್ಟ ಕನಕಾಂಬರವನ್ನು ಬೇಡವಾಗಿದ್ದರೂ ತೆಗೆದುಕೊಂಡು ಮುಡಿದಳು. ಇನ್ನು ಮುಚ್ಚಿಡುವುದು ಸಾಕು ಎಂದು ತೀರ್ಮಾನವಾದದ್ದು ಅಲ್ಲೇ, ಆ ಹೂವಿನ ಬುಟ್ಟಿಯ ಮುಂದೆ.

ಸಂಜೆ ಗಂಡನಿಗೆ ಹೇಳಿದಳು. ಹರಕೆ ಇಲ್ಲ, ಗ್ರೂಪೂ ಇಲ್ಲ, ನಾನು ತಾಹೇರಾ ಇಬ್ಬರೇ, ಸುಮ್ಮನೆ ಹೋಗಿ ಕೂತು ಬರ್ತೀವಿ. ಶ್ರೀನಿವಾಸ್ ಟಿವಿಯ ದನಿ ಕಡಿಮೆ ಮಾಡಿದ. ಅವಳು ಎದುರು ನೋಡುತ್ತಿದ್ದ ಯಾವ ಸಿಡಿಲೂ ಬೀಳಲಿಲ್ಲ. "ತಾಹೇರಾ ಜೊತೆನಾ? ಅದನ್ನ ಹೇಳೋಕೆ ಏನಾಗಿತ್ತು ನಿಂಗೆ. ಅವರಾದ್ರೆ ಜವಾಬ್ದಾರಿ ಇರೋರು" ಎಂದ. ಆಮೇಲೆ ಅವನಿಗೆ ನಗು ಬಂತು. ನಗು ತಡೆಯಲಾಗದೆ ಮಹಡಿಯಿಂದ ಇಳಿಯುತ್ತಿದ್ದ ತಮ್ಮನನ್ನು ಕರೆದ. "ಆನಂದ, ಕೇಳಿಲ್ಲಿ. ಹರಕೆ ಅಂದ್ರೆ ಟೂರಂತೆ ಕಣೋ. ನಾವು ಭಯಭಕ್ತಿಯಿಂದ ಕೈ ಮುಗೀತಿದ್ವಿ. ಅಮ್ಮ ವರ್ಷಾವರ್ಷ ಕೆಂಪು ಸೀರೆ ಉಟ್ಕೊಂಡು ಮೇಲ್‌ಮರುವತ್ತೂರಿನ ದೇವಿಗೆ ಅಂತ ಬಸ್ ಹತ್ತೋದೂ ಇದೇ ಏನೋ." ಆನಂದನೂ ನಕ್ಕ. "ಶ್ವೇತಾನೂ ಈ ಸಲ ಮಾಲೆ ಹಾಕ್ತೀನಿ ಅಂತಿದ್ಲು. ಬರ್ಲಿ, ಕೇಳ್ತೀನಿ ತಾಳು" ಎಂದ. ಹಂಸಳೂ ಅವರ ಜೊತೆ ನಕ್ಕುಬಿಟ್ಟಳು. ಎದೆಯ ಮೇಲಿನ ಬಂಡೆ ಇಳಿದ ಸಮಾಧಾನದಲ್ಲಿ ಏನು ನಗುತ್ತಿದ್ದೇವೆ ಎಂದು ಅವಳು ನೋಡಿಕೊಳ್ಳಲಿಲ್ಲ. ಇಷ್ಟು ಸುಲಭವಿತ್ತೇ ಇದು.

ಬೆಳಿಗ್ಗೆ ಗೂಡಿನಿಂದ ಮುಡಿಪುಗಳನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಪಿಳ್ಳಪ್ಪನ ಹೆಂಡತಿ ಬಾಗಿಲಿಗೆ ನೀರು ಹಾಕುತ್ತಿದ್ದಳು. ಹಂಸ ಎಲ್ಲವನ್ನೂ ಹೇಳಿದಳು, ತಪ್ಪಾಯ್ತು ಎಂದಳು, ತಂಗಿಯದನ್ನೂ ಸೇರಿಸಿ ಎರಡು ಗಂಟು ಅವಳ ಕೈಲಿಟ್ಟಳು. ಪಿಳ್ಳಪ್ಪನ ಹೆಂಡತಿ ಸಿಟ್ಟಾಗಲಿಲ್ಲ. ಅವಳು ಕೇಳಿದ್ದು ಬೇರೆಯೇ. "ಗಂಡಸ್ರಿಗೂ ಹೇಳ್ಬಿಟ್ಯಾ?" ಎಂದಳು. "ಹೇಳ್ದೆ, ಅವರೇನೂ ಅನ್ಲಿಲ್ಲ." "ಹೂಂ" ಎಂದಳು ಪಿಳ್ಳಪ್ಪನ ಹೆಂಡತಿ, ಮಿಕ್ಕ ನೀರನ್ನು ಒಂದೇ ಸಲ ಸುರಿದು ಒಳಗೆ ಹೋದಳು. ಶ್ವೇತ ತನ್ನ ಗಂಟನ್ನು ತೆಗೆದುಕೊಂಡು ಬೆರಳಲ್ಲಿ ತಿರುಗಿಸಿದಳು. ಕಣ್ಣು ಕೆಂಪಾಗಿದ್ದವು, ಗಂಡನ ಜೊತೆ ಮಾತಾಗಿತ್ತೆಂದು ಕಾಣುತ್ತದೆ. "ನೀನೊಬ್ಳು ಒಳ್ಳೆಯವಳಾಗ್ಬಿಟ್ಟೆ ಅಕ್ಕ" ಎಂದಳು. ಇದೇಕೆ ಹೀಗೆ ಅಂದಳು ಎಂದು ಹಂಸ ಮೆಟ್ಟಿಲಿಳಿಯುತ್ತ ಯೋಚಿಸಿದಳು. ತಿಳಿಯಲಿಲ್ಲ.

ಉಳಿದದ್ದು ಅತ್ತೆಯದು. ಮುನಿಶಾಮಮ್ಮ ಅಂಗಳದ ಬಿಸಿಲಿನಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿಚುಕುತ್ತ, ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಹಾಕುತ್ತಿದ್ದರು. ಹಂಸ ಪಕ್ಕದಲ್ಲಿ ಕೂತು ಮುಡಿಪನ್ನು ಮುಂದಿಟ್ಟಳು. ಅವರು ಮುಟ್ಟಲಿಲ್ಲ, ಕೈ ಒದ್ದೆ. ಹಂಸ ತಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಹಿಚುಕತೊಡಗಿದಳು.

"ಎಲ್ರ ಮನೆಗೂ ಕೊಟ್ಟು ಬಂದ್ಯಾ?"

"ಹೂಂ ಅತ್ತೆ. ಸುಳ್ಳು ಹೇಳ್ಕೊಂಡು ಹೋಗೋಕೆ ಮನಸ್ಸು ಬರ್ಲಿಲ್ಲ. ತಾಹೇರಾನ ಬಚ್ಚಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು."

"ತಾಹೇರಾ ವಿಷ್ಯ ಹೇಳಿದ್ದು ಸರಿ. ಅದನ್ನ ಆವತ್ತೇ ಹೇಳ್ಬೇಕಿತ್ತು. ಮನೆಗೆ ಬಂದೋಳ ಎದುರಿಗೆ ನನ್ನ ಕೈಲೂ ಆ ಮಾತಾಡಿಸ್ಬಿಟ್ಟೆ, ಅವಳ ಮುಖ ನೋಡೋದು ಹೆಂಗೆ ನಾನು." ಒಂದು ಕಾಳು ಹಿಚುಕಿದರು. "ಹರಕೆ ವಿಷ್ಯ ಯಾಕೆ ಹೇಳ್ದೆ?"

ಹಂಸಳಿಗೆ ಅರ್ಥವಾಗಲಿಲ್ಲ. ಎರಡೂ ಒಂದೇ ಅಲ್ಲವೇ.

"ನಾನು ಕೆಂಪು ಸೀರೆ ಉಟ್ಕೊಂಡು ಮೇಲ್‌ಮರುವತ್ತೂರಿಗೆ ಹೋಗ್ತಿರೋದು ನೀನು ಈ ಮನೆಗೆ ಬರೋಕೂ ಮುಂಚಿಂದ" ಎಂದರು ಮುನಿಶಾಮಮ್ಮ. "ಅಮ್ಮನ ಮುಂದೆ ಎಷ್ಟೊತ್ತು ನಿಲ್ಲೋಕೆ ಬಿಡ್ತಾರೆ? ಕಣ್ ಮುಚ್ಚಿ ತೆಗೆಯೋದ್ರೊಳಗೆ ತಳ್ತಾರೆ. ಬರ್ತಾ ಮಹಾಬಲಿಪುರದಲ್ಲಿ ನಿಲ್ಸಪ್ಪ ಅಂತ ಡ್ರೈವರನ ಕೈ ಬಿಸಿ ಮಾಡೋದು ನಾವೇ. ಮಧ್ಯಾಹ್ನ ಪೂರ್ತಿ ಮರಳ ಮೇಲೆ ಕೂತಿರ್ತೀವಿ. ಏನೂ ಮಾಡಲ್ಲ. ನೀರು ಬರುತ್ತೆ, ಹೋಗುತ್ತೆ. ಪಿಳ್ಳಪ್ಪನ ಹೆಂಡ್ತಿ ಸೀರೆ ಮಂಡಿ ತನಕ ಎತ್ತಿ ಕಟ್ಕೊಂಡು ನೀರಲ್ಲಿ ಓಡ್ತಾಳೆ. ಅವಳು ನಗೋದು ನೀನು ಕೇಳಿಲ್ಲ. ಇಲ್ಲಿ ಅವಳು ಹಂಗೆ ನಕ್ಕಿದ್ದೇ ಇಲ್ಲ."

ಹಂಸಳ ಕೈ ನಿಂತಿತು.

"ಅಮ್ಮನ ಮೇಲೆ ಭಕ್ತಿ ಇಲ್ಲ ಅನ್ಕೋಬೇಡ. ಕಳಿಸೋಳು ಅವಳೇ. ಅವಳ ಹೆಸ್ರು ಹೇಳಿದ್ರೆ ಯಾವ ಗಂಡಸಿಗೂ ಬೇಡ ಅನ್ನೋ ಧೈರ್ಯ ಇಲ್ಲ. ಒಬ್ಳು ಹೊರಟ್ಲು ಅಂದ್ರೆ ಎಲ್ರೂ ಯಾಕೆ ಮುಡಿಪು ಕೊಡ್ತಾರೆ ಅನ್ಕೊಂಡೆ? ಹರಕೆ ಫಲಿಸ್ತು ಅಂದ್ರೆ ಮುಂದಿನ ಸಲ ಕೊಟ್ಟೋಳೇ ಹೋಗಿ ತೀರಿಸ್ಬೇಕು. ಫಲಿಸ್ತೋ ಇಲ್ವೋ ಹೇಳೋರು ನಾವು. ನೀನು ಕೊಚ್ಚಿ ಅಂದಾಗ, ಹರಕೆ ಅಂದಾಗ, ಜಾಣೆ ಅನ್ಕೊಂಡೆ. ಹೊಸಾ ದಾರಿ ಬಿತ್ತು, ಶ್ವೇತಾನೂ ಹೋಗ್ಬರ್ತಾಳೆ, ನಾನೂ ಸಾಯೋದ್ರೊಳಗೆ ಆ ಕಡೆ ಸಮುದ್ರಾನೂ ನೋಡ್ತೀನಿ ಅನ್ಕೊಂಡು ಗಂಟು ಕಟ್ಟಿದ್ದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ಬಿಡಿಸಿ ಹೇಳುವ ತಾಳ್ಮೆ ಇತ್ತು. "ನೀನು ಗಂಡಸ್ರ ಮುಂದೆ ಬಿಚ್ಚಿಟ್ಬಿಟ್ಟೆ. ನಿನ್ನೆ ಸಂಜೆಯಿಂದ ಇಬ್ರೂ ನನ್ನ ನೋಡಿ ನಗ್ತಾ ಇದಾರೆ."

ಒಳಗೆ ಶ್ರೀನಿವಾಸ್ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ, ಹರಕೆ ಟೂರು ಎಂದು, ನಗುತ್ತ. ಪಿಳ್ಳಪ್ಪನೇ ಇರಬೇಕು. ಹಂಸ ಮುದುಕಿಯ ಬೆರಳುಗಳನ್ನು ನೋಡಿದಳು, ನೀರಲ್ಲಿ ನೆಂದು ಸುಕ್ಕಾದ ಆ ಬೆರಳುಗಳು ಎಷ್ಟು ವರ್ಷ, ಎಷ್ಟು ಅಚ್ಚುಕಟ್ಟಾಗಿ, ಒಂದು ಬೀದಿಗೆ ಬೀದಿಯನ್ನೇ ಸಮುದ್ರಕ್ಕೆ ಕರೆದುಕೊಂಡು ಹೋಗಿ ವಾಪಸು ತಂದು ಬಿಟ್ಟಿದ್ದವು, ಯಾರಿಗೂ ಸುಳಿವು ಸಿಗದ ಹಾಗೆ. ತಾಹೇರಾಳ ಚೌಕಕ್ಕಿಂತ ಎಷ್ಟೋ ದೊಡ್ಡ ಚೌಕವನ್ನು ಈ ಹೆಂಗಸು ಕಾಗದವಿಲ್ಲದೆ ಎತ್ತಿಟ್ಟಿದ್ದಳು. ತಾನು ಒಬ್ಬಳ ಬಾಬ್ತನ್ನು ಉಳಿಸಲು ಹೋಗಿ ಎಲ್ಲರದನ್ನೂ ಕಳೆದಿದ್ದಳು. ಹೇಳದೆ ಇದ್ದಿದ್ದರೆ? ಆಗ ತಾಹೇರಾ ಅಂಗಡಿ ಬೀದಿಯಲ್ಲಿ ನಿಂತಿರುತ್ತಿದ್ದಳು. ಯಾವ ಕಡೆಯಿಂದ ತಿರುಗಿಸಿದರೂ ಯಾರೋ ಒಬ್ಬರು ಆಚೆಯೇ ನಿಲ್ಲುತ್ತಿದ್ದರು. ಅಳು ಬಂತು, ತಡೆದುಕೊಳ್ಳಲಿಲ್ಲ.

"ನೀವೂ ಬನ್ನಿ ಅತ್ತೆ, ಈ ಸಲಾನೇ" ಎಂದಳು. "ಮುಚ್ಚಿಡೋದು ಬೇಡ, ಹಂಗೇ ಹೇಳೇ ಬನ್ನಿ. ತಾಹೇರಾ ಲೆಕ್ಕ ಸರಿ ಮಾಡ್ತಾಳೆ. ಮೂರು ಜನ ಕೂರೋಣ."

ಮುನಿಶಾಮಮ್ಮನ ಮುಖದಲ್ಲಿ ಆಸೆ ಎದ್ದದ್ದು ಹಂಸಳಿಗೆ ಚೆನ್ನಾಗಿಯೇ ಕಂಡಿತು. ಅವರು ಕೈಯೊರಸಿಕೊಂಡರು, ಮಗನ ನಗು ಬರುತ್ತಿದ್ದ ಬಾಗಿಲ ಕಡೆ ನೋಡಿದರು.

"ಬರ್ತೀನಮ್ಮ" ಎಂದರು. "ಯಾವ ದೇವರ ಹೆಸ್ರು ಹೇಳ್ಕೊಂಡು ಬರ್ಲಿ, ಅದನ್ನ ಹೇಳು."